ಹೊತ್ತವರ ಬೆನ್ನು ಓದಿದವರು

ಅವರ ಮೈಮೇಲೆ ಲೋಹವೆಂಬುದೇ ಇರಲಿಲ್ಲ. ಕೂದಲನ್ನು ಹಳೆಯ ಸೀರೆಯ ಅಂಚಿನ ತುಂಡೊಂದರಿಂದ ಬಿಗಿದು ಕಟ್ಟುತ್ತಿದ್ದರು. ಪಿನ್ನಿಲ್ಲ, ಕ್ಲಿಪ್ಪಿಲ್ಲ, ಬಳೆಯಿಲ್ಲ, ಓಲೆಯಿಲ್ಲ. ಒಂದೇ ಒಂದು ಸೇಫ್ಟಿ ಪಿನ್ ಕೂಡ ಚುಚ್ಚದ ಹತ್ತಿ ಸೀರೆಯಲ್ಲಿ ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತಿ ಠಾಣೆಯಲ್ಲಿ ಇಳಿಯುವಾಗ ಒಂದು ನೆರಿಗೆಯೂ ಅಲುಗಿರುತ್ತಿರಲಿಲ್ಲ. ನಡುವೆ ದಿವಾ ಸ್ಟೇಷನ್ನಿನಲ್ಲಿ ಅದೇ ಡಬ್ಬಿಗೆ ಹೇಗೋ ತೂರಿಕೊಳ್ಳುತ್ತಿದ್ದ ನನ್ನ ದುಪಟ್ಟಾ ಮಾತ್ರ ದಿನಕ್ಕೊಬ್ಬರ ಬ್ಯಾಗಿಗೆ ಸಿಕ್ಕಿಕೊಳ್ಳುತ್ತಿತ್ತು. ಇದೇನು ಮಂತ್ರ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಮಂತ್ರ ಎಂತದೂ ಇಲ್ಲ ಮಾರಾಯ್ತಿ. ಗಟ್ಟಿ ಸಿಕ್ಕಿಸಿಕೊಂಡ್ರೆ ಆಯ್ತು," ಎಂದರು.

ಠಾಣೆಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ತಲೆ ಮತ್ತು ಬೆನ್ನಿನ ಎಂಆರ್‌ಐ ಚಿತ್ರಗಳನ್ನು ಓದುವ ಡಾಕ್ಟರು ಅವರು. ಯಂತ್ರ ನಡೆಸುವ ಟೆಕ್ನಿಷಿಯನ್ ನಾನು. ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು, ನಾನೂ ಹಾಗೆಯೇ. ಉಡುಪಿ ಕಡೆಯವರು. ಅವರ ತಂದೆ ಡೊಂಬಿವಲಿ ಸ್ಟೇಷನ್ನಿನ ಬಳಿ ಹೋಟೆಲು ನಡೆಸಿದವರು. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದಿದ್ದರು. ನಾವು ಕಲಬುರಗಿ ಕಡೆಯಿಂದ ಬಂದವರು. ಅಪ್ಪ ವಾಶಿ ಮಾರ್ಕೆಟ್ಟಿನ ಮಿರ್ಚಿ ಗಲ್ಲಿಯಲ್ಲಿ ಚೀಲ ಹೊರುವ ಹಮಾಲ. ಅವರ ಕನ್ನಡ ನನಗೆ ಪುಸ್ತಕದ ಹಾಗೆ ಕೇಳಿಸುತ್ತಿತ್ತು, ನನ್ನದು ಅವರಿಗೆ ಜಗಳದ ಹಾಗೆ. ದಿನವೂ ಇಬ್ಬರೂ ಒಬ್ಬರನ್ನೊಬ್ಬರು ಛೇಡಿಸುತ್ತಿದ್ದೆವು.

ನಮ್ಮ ಯಂತ್ರವೆಂದರೆ ಮನುಷ್ಯ ಮಲಗಿ ಒಳಹೋಗುವಷ್ಟು ದೊಡ್ಡ ಅಯಸ್ಕಾಂತ. ಆ ಕೋಣೆಯೊಳಗೆ ಲೋಹ ಬರುವಂತಿಲ್ಲ. ತಾಳಿ ತೆಗೆಯಿರಿ ಎಂದಾಗ ಹೆಂಗಸರ ಮುಖ ಬಿಳಿಚಿಕೊಳ್ಳುತ್ತಿತ್ತು. ಕೆಲವರು ಸ್ಕ್ಯಾನೇ ಬೇಡವೆಂದು ಎದ್ದು ಹೋಗುತ್ತಿದ್ದರು. ಮೇಡಂ ತಮ್ಮ ಡ್ರಾಯರಿನಲ್ಲಿ ಅರಿಶಿನದ ಕೊಂಬುಗಳನ್ನೂ ಅರಿಶಿನ ಹಚ್ಚಿದ ನೂಲನ್ನೂ ಇಟ್ಟಿರುತ್ತಿದ್ದರು. ಮೊದಲು ಅದನ್ನು ಕೊರಳಿಗೆ ಕಟ್ಟಿಸಿ ಆಮೇಲೆ ತಾಳಿ ಬಿಚ್ಚಿಸುತ್ತಿದ್ದರು. ಕೊರಳು ಒಂದು ಗಳಿಗೆಯೂ ಬರಿದಾಗುತ್ತಿರಲಿಲ್ಲ. ಗಂಡಸರ ಬೆಳ್ಳಿ ಉಡದಾರಕ್ಕೂ ಇದೇ ಉಪಾಯ, ಮೊದಲು ಕರಿ ದಾರ, ಆಮೇಲೆ ಬೆಳ್ಳಿ. ಎಂಥ ಕರುಣೆ ನಿಮ್ಮದು ಎಂದು ಯಾರಾದರೂ ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಹೆದರಿದವರು ಒಳಗೆ ಅಲುಗಾಡ್ತಾರೆ. ಅಲುಗಾಡಿದ್ರೆ ಚಿತ್ರ ಹಾಳು. ಅಷ್ಟೇ," ಎನ್ನುತ್ತಿದ್ದರು.

ಅವರ ಇನ್ನೊಂದು ಮಾತು ನಮ್ಮ ವಿಭಾಗದಲ್ಲಿ ಗಾದೆಯಾಗಿಹೋಗಿತ್ತು: "ಚಿತ್ರಕ್ಕೆ ನೋವಾಗುವುದಿಲ್ಲ." ಚಿತ್ರದಲ್ಲಿ ಬೆನ್ನುಮೂಳೆಗಳ ನಡುವಿನ ಬಿಲ್ಲೆ ಸ್ವಲ್ಪ ಉಬ್ಬಿದೆ ಎಂದ ಮಾತ್ರಕ್ಕೆ ರೋಗಿಯನ್ನು ಆಪರೇಷನ್ನಿಗೆ ಮಲಗಿಸಲು ಹೊರಟ ಸರ್ಜನ್ನರಿಗೆ ಫೋನಿನಲ್ಲೇ ನೀರಿಳಿಸುತ್ತಿದ್ದರು. ವಯಸ್ಸಾದಂತೆ ಕೂದಲು ನರೆಯುವ ಹಾಗೆ ಬೆನ್ನೂ ನರೆಯುತ್ತದೆ, ನರೆತದ್ದೆಲ್ಲ ರೋಗವಲ್ಲ ಎಂಬುದು ಅವರ ವಾದ. ಹೊಸ ಸಂಶೋಧನೆಗಳೂ ಅದನ್ನೇ ಹೇಳುತ್ತಿವೆ ಎಂದು ಲೋಕಲ್‌ನ ಕಂಬ ಹಿಡಿದು ನಿಂತೇ ನನಗೆ ಪಾಠ ಮಾಡುತ್ತಿದ್ದರು.

ಅವರ ಸಂಶೋಧನೆ ಹುಟ್ಟಿದ್ದೂ ಆ ಸಿಟ್ಟಿನಿಂದಲೇ. ಬೆನ್ನಿನ ಚಿತ್ರಗಳನ್ನು ತಾನೇ ಓದುವ ಒಂದು ಕಂಪ್ಯೂಟರ್ ಪ್ರೋಗ್ರಾಂ ನಮ್ಮಲ್ಲಿಗೆ ಬಂತು. ಪರದೇಶದ್ದು. ಕಾಯಿಲೆ ಕಂಡಲ್ಲಿ ಕೆಂಪು ಗುರುತು ಹಾಕುತ್ತಿತ್ತು. ಆಫೀಸಿನವರ ಬೆನ್ನು ಕೊಟ್ಟರೆ ಸರಿಯಾಗಿಯೇ ಓದುತ್ತಿತ್ತು. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ಲೋಡರು, ಕಟ್ಟಡದ ಮೇಲೆ ಸಿಮೆಂಟು ಹೊರುವವಳು ಇಂಥವರು ಬಂದರೆ ಮೇಲಿನಿಂದ ಕೆಳಗಿನವರೆಗೆ ಕೆಂಪೋ ಕೆಂಪು. "ಕುರ್ಚಿಯಲ್ಲಿ ಕೂತವರ ಬೆನ್ನು ನೋಡಿ ಕಲಿತದ್ದು ಇದು," ಎಂದರು ಮೇಡಂ. "ಹೊತ್ತವರ ಬೆನ್ನು ಹೇಗಿರ್ತದೆ ಅಂತ ಇದಕ್ಕೆ ಯಾರೂ ಹೇಳಿಕೊಡಲಿಲ್ಲ."

ತಾವೇ ಹೇಳಿಕೊಡಲು ಹೊರಟರು. ನೋವಿಲ್ಲದ, ದಿನವೂ ಹೊರುವ ಜನರ ಬೆನ್ನು ಕುತ್ತಿಗೆಗಳ ಚಿತ್ರ ಬೇಕು. ಆಸ್ಪತ್ರೆಯ ಸಮಿತಿಯ ಒಪ್ಪಿಗೆ ಸಿಕ್ಕಿತು. ಮಾರ್ಕೆಟ್ಟಿಗೂ ರಜೆ, ಯಂತ್ರಕ್ಕೂ ಬಿಡುವು ಎಂದು ಭಾನುವಾರ ಗೊತ್ತಾಯಿತು. ಆದರೆ ನೋವಿಲ್ಲದವನು ಆಸ್ಪತ್ರೆಗೆ ಯಾಕೆ ಬರುತ್ತಾನೆ? ನಾನು ಅಪ್ಪನನ್ನು ಕಾಡಿದೆ. ಅಪ್ಪ ಜೊತೆಗೆ ಹೊರುವ ತನ್ನ ಟೋಳಿಯ ಹಮಾಲರನ್ನೆಲ್ಲ ಒಪ್ಪಿಸಿ, ಮೊದಲು ತಾನೇ ಬಂದ. ಮೇಡಂ ಎಲ್ಲರಿಗೂ ಕೇಳುವುದನ್ನೇ ಅವನಿಗೂ ಕೇಳಿದರು.

"ಕುತ್ತಿಗೆ ನೋವು, ಬೆನ್ನು ನೋವು ಏನಾದ್ರೂ ಉಂಟಾ?"

"ಏನೇನೂ ಇಲ್ರಿ ಅಕ್ಕೋರೆ. ಕಲ್ಲಿನಂಗ ಅದೀನಿ."

ಉಡದಾರಕ್ಕೆ ಬದಲು ಕರಿ ದಾರ ಕಟ್ಟಿಸಿಕೊಂಡು ನಗುತ್ತ ಒಳಗೆ ಮಲಗಿದ. ಗಾಜಿನ ಈಚೆ ಪರದೆಯ ಮೇಲೆ ಚಿತ್ರ ಮೂಡತೊಡಗಿತು. ಬೆನ್ನುಹುರಿ ಬೂದು ಬಣ್ಣದ್ದು, ಅದರ ಎರಡೂ ಬದಿಗೆ ಬಿಳಿ ನೀರಿನ ಗೆರೆ ಇಳಿದು ಬರಬೇಕು. ಅಪ್ಪನ ಕುತ್ತಿಗೆಯ ನಡುವೆ ನೀರಿನ ಗೆರೆಯೇ ಇರಲಿಲ್ಲ. ಹುರಿ ಅಲ್ಲಿ ಅಪ್ಪಚ್ಚಿಯಾಗಿತ್ತು, ಅದರೊಳಗೆ ಒಂದು ಬಿಳಿ ಚುಕ್ಕೆ, ಹುರಿಗೆ ಪೆಟ್ಟಾದ ಗುರುತು. ಪ್ರೋಗ್ರಾಂ ಕೆಂಪು ಗುರುತು ಹಾಕಿತು. ಅದು ಹೊರುವವರಿಗೆಲ್ಲ ಹಾಕುತ್ತಿದ್ದ ಕೆಂಪೇ, ನಾವು ನಕ್ಕು ಪಕ್ಕಕ್ಕಿಡುತ್ತಿದ್ದ ಕೆಂಪು. ಮೇಡಂ ಅವತ್ತು ನಗಲಿಲ್ಲ. ಚಿತ್ರವನ್ನು ಒಮ್ಮೆ ನೋಡಿ, ಸ್ಕ್ಯಾನ್ ಮುಗಿದೊಡನೆ ಎದ್ದು ಅಪ್ಪ ಅಂಗಿ ಹಾಕಿಕೊಳ್ಳುತ್ತಿದ್ದ ಕಡೆಗೆ ಹೋದರು.

ಅಪ್ಪ ಗುಂಡಿ ಹಾಕಲು ಒದ್ದಾಡುತ್ತಿದ್ದ. ಬೆರಳು ಜಾರುತ್ತಿತ್ತು. ನಾನು ಮನೆಯಲ್ಲಿ ದಿನವೂ ಕಂಡಿದ್ದೆ, ನಾವು ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಕೈಗೆ ಎಂತ ಆಯ್ತು?" ಎಂದರು.

"ಮೆಣಸಿನಕಾಯಿ ಉರಿರಿ. ಬ್ಯಾಡಗಿ ಚೀಲ ಹೊತ್ತವ್ರಿಗೆ ಎಲ್ಲಾರಿಗೂ ಇರೂದ ಅದು. ಬೆರಳು ಜುಮುಜುಮು ಅಂತಾವ, ಹಿಡಿತ ಸಿಗಂಗಿಲ್ಲ."

"ನಿನ್ನೆ ಚೀಲ ಹೊತ್ತಿರಾ?"

"ಇಲ್ರಿ. ಮೂರು ದಿನ ಆತು ಮಾರ್ಕೆಟ್ ಬಂದ್ ಅದ. ಹಬ್ಬ ಇತ್ತಲ್ರಿ."

"ಹಾಗಾದ್ರೆ ಉರಿ ಇವತ್ತೂ ಯಾಕೆ ಉಂಟು?"

ಅಪ್ಪ ತನ್ನ ಕೈಯನ್ನೇ ನೋಡುತ್ತ ನಿಂತ. ಮಿರ್ಚಿ ಗಲ್ಲಿಯಲ್ಲಿ ಕೈಗೆ ಏನಾದರೂ ಅದು ಮೆಣಸಿನಕಾಯಿಯದೇ. ಅಲ್ಲಿ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ಮುಷ್ಟಿ ಬೇಗಬೇಗ ಮುಚ್ಚಿ ತೆರೆಯಲು ಮೇಡಂ ಹೇಳಿದರು. ಕಿರುಬೆರಳು ಹಿಂದೆಯೇ ಉಳಿಯಿತು.

ತಲೆಯ ಮೇಲೆ ಇನ್ನು ಒಂದು ಚೀಲವನ್ನೂ ಹೊರಬಾರದು, ಆಪರೇಷನ್ ಆಗಬೇಕು, ಒಮ್ಮೆ ಕಾಲು ಜಾರಿ ಬಿದ್ದರೆ ಕುತ್ತಿಗೆಯ ಕೆಳಗೆ ಕೈಕಾಲು ಯಾವುದೂ ಮಾತು ಕೇಳಲಾರದು ಎಂದು ಅವರು ನೇರವಾಗಿ ಹೇಳಿದರು. ಅಪ್ಪ ಕೈಮುಗಿದು ಹೊರಬಂದವನು ದಿವಾದಲ್ಲಿ ಇಳಿಯುತ್ತಲೇ ನನ್ನ ಮೇಲೆ ಹರಿಹಾಯ್ದ. "ನೋವಿಲ್ದವನ ಕುತ್ತಿಗಿ ಯಾಕ ಕೊಯ್ತಾರ? ಚಿತ್ರ ನಂಬಬ್ಯಾಡ ಅಂತ ನಿಮ್ಮ ಅಕ್ಕೋರ ಹೇಳ್ತಾರಂತ ನೀನ ಹೇಳಿದ್ದಿ!" ಮರುದಿನ ಬೆಳಿಗ್ಗೆ ಎಂದಿನಂತೆ ಮಾರ್ಕೆಟ್ಟಿಗೆ ಹೊರಟ. ಅತ್ತು ಬೇಡಿಕೊಂಡೆ. ಹೊರುವವನಿಗೆ ಹೊರಬೇಡ ಎಂದರೆ ಅವನಿಗೆ ಏನು ಉಳಿಯುತ್ತದೆ ಎಂಬುದು ನನಗೂ ಗೊತ್ತಿತ್ತು.

ವಿಷಯ ತಿಳಿದು ಮೇಡಂ ರಜೆ ಹಾಕಿದರು. ನನ್ನನ್ನು ಕರೆದುಕೊಂಡು ವಾಶಿಗೆ ಹೊರಟರು. ಮಿರ್ಚಿ ಗಲ್ಲಿ ಹೊಕ್ಕ ಕೂಡಲೇ ಅವರಿಗೆ ಸೀನು ಹಿಡಿಯಿತು. ಸೀನುತ್ತಲೇ, ಕಣ್ಣೊರೆಸಿಕೊಳ್ಳುತ್ತಲೇ ಅಪ್ಪನ ಟೋಳಿ ಇದ್ದ ಅಂಗಡಿಯವರೆಗೆ ನಡೆದರು. ಅಲ್ಲಿ ಮಾದರಿಗೆಂದು ಬಾಯಿ ಬಿಚ್ಚಿದ ಚೀಲಗಳನ್ನು ದಬ್ಬಣಕ್ಕೆ ಸುತಳಿ ಪೋಣಿಸಿ ಮತ್ತೆ ಹೊಲಿಯುತ್ತಿದ್ದರು. ಆ ಹೊಲಿಗೆಯಲ್ಲಿ ಅಪ್ಪನಿಗೆ ಗಲ್ಲಿಯಲ್ಲೇ ಹೆಸರಿತ್ತು.

"ಇದೊಂದು ಹೊಲಿದು ತೋರಿಸಿ," ಎಂದರು ಮೇಡಂ.

ಅಪ್ಪ ದಬ್ಬಣ ಎತ್ತಿಕೊಂಡ. ಸುತಳಿ ಅದರ ಕಣ್ಣಿಗೆ ಹೋಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ, ಆಗಲಿಲ್ಲ. ಪಕ್ಕದ ಹಮಾಲ ಅಪ್ಪನ ಕೈಯಿಂದ ದಬ್ಬಣವನ್ನು ಮೆಲ್ಲಗೆ ತೆಗೆದುಕೊಂಡು ಪೋಣಿಸಿದ. "ನಾವ ಹೊಲಿತೀವ್ರಿ ಅಕ್ಕೋರೆ," ಎಂದ. "ಭಾಳ ದಿನಾತು, ಕಾಕಾನ ಚೀಲ ನಾವ ಹೊಲಿಯಾಕತ್ತೀವಿ. ನಡೀತದ."

ಟೋಳಿಯ ದುಡಿಮೆ ಎಲ್ಲರದೂ ಒಂದೇ, ಒಬ್ಬನಿಗೆ ಆಗದ್ದನ್ನು ಇನ್ನೊಬ್ಬ ಮಾಡುತ್ತಾನೆ. ಕೇಳಿ ಮಾಡುವುದಿಲ್ಲ, ಹೇಳಿಯೂ ಮಾಡುವುದಿಲ್ಲ. ಅವರ ಆ ಪ್ರೀತಿಯೇ ಅಪ್ಪನ ರೋಗವನ್ನು ಅಪ್ಪನಿಂದಲೂ ಮುಚ್ಚಿಟ್ಟಿತ್ತು. ಅಪ್ಪ ಚೀಲದ ಮೇಲೆ ಕುಳಿತುಬಿಟ್ಟ. ಮೇಡಂ ಅವನ ಎದುರಿನ ಚೀಲದ ಮೇಲೆ ಕುಳಿತರು.

"ಚಿತ್ರ ನಂಬಬೇಡಿ ಅಂತ ಇಷ್ಟು ವರ್ಷ ಎಲ್ಲರ ಹತ್ರ ಜಗಳ ಮಾಡಿದವಳು ನಾನು," ಎಂದರು. "ಇವತ್ತು ನಿಮ್ಮ ಹತ್ರ ನಂಬಿ ಅಂತ ಕೇಳ್ಲಿಕ್ಕೆ ಬಂದಿದ್ದೇನೆ. ಚಿತ್ರ ಬೇಡ, ನಿಮ್ಮ ಕೈಯನ್ನಾದ್ರೂ ನಂಬಿ."

ಅಪ್ಪನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಘಾಟು ಎಂದು ಯಾರೂ ಹೇಳಲಿಲ್ಲ.

ಮಳೆಗಾಲ ಹಿಡಿಯುವ ಮೊದಲೇ ಆಪರೇಷನ್ ಆಯಿತು. ದಬ್ಬಣದ ಕಣ್ಣಿಗೆ ಸುತಳಿ ಪೋಣಿಸುವಷ್ಟು ಸೂಕ್ಷ್ಮ ಆ ಬೆರಳುಗಳಿಗೆ ಮರಳಿ ಬರಲಿಲ್ಲ. ಆದರೆ ಗುಂಡಿ ಹಾಕಿಕೊಳ್ಳುತ್ತಾನೆ, ರೊಟ್ಟಿ ಮುರಿಯುತ್ತಾನೆ, ತನ್ನ ಕಾಲಲ್ಲಿ ನಡೆಯುತ್ತಾನೆ. ಟೋಳಿಯವರು ಅವನನ್ನು ತೂಕದ ಕಾಟಾದ ಬಳಿ ನಿಲ್ಲಿಸಿಕೊಂಡರು. ಮೇಡಂ ಹಾಕಿದ ಕಟ್ಟಪ್ಪಣೆ ಒಂದೇ, ತಲೆ ಹೆಗಲುಗಳ ಮೇಲೆ ಇನ್ನೆಂದೂ ಏನನ್ನೂ ಹೊರಕೂಡದು. ಅಂದಿನಿಂದ ಅವರು ಪ್ರತಿಯೊಬ್ಬ ಹಮಾಲನಿಗೂ ನೋವಿದೆಯೇ ಎಂದು ಕೇಳಿ ಅಷ್ಟಕ್ಕೇ ಬಿಡುತ್ತಿರಲಿಲ್ಲ. ನಿಮ್ಮ ಕೈಯ ಯಾವ ಕೆಲಸವನ್ನು ಈಗ ಬೇರೆಯವರು ಮಾಡಿಕೊಡುತ್ತಾರೆ ಎಂದೂ ಕೇಳುತ್ತಿದ್ದರು. ಆ ಒಂದು ಪ್ರಶ್ನೆಯಿಂದ ಇದೇ ರೋಗದ ಇನ್ನೂ ಕೆಲವರು ಸಿಕ್ಕಿದರು. ನಾನು ಈಗಲೂ ಅದನ್ನು ಕೇಳುತ್ತೇನೆ.

ಹೋದ ವರ್ಷ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಕಾಣಿಸಿಕೊಂಡಿತು, ತಡವಾಗಿ. "ತಲೆ, ಬೆನ್ನು ನೋಡುವುದರಲ್ಲಿ ಹೊಟ್ಟೆ ನೋಡ್ಲಿಕ್ಕೆ ಪುರುಸೊತ್ತೇ ಆಗ್ಲಿಲ್ಲ ನೋಡು," ಎಂದು ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಪ್ರೋಗ್ರಾಂ ಹಮಾಲರ ಬೆನ್ನನ್ನು ಓದಲು ಆಗಷ್ಟೇ ಕಲಿಯತೊಡಗಿತ್ತು. ಅದು ಪೂರ್ತಿ ಕಲಿತದ್ದನ್ನು ಅವರು ನೋಡಲಿಲ್ಲ.

ಅವರು ಹೋದ ದಿನ ಅಪ್ಪನೂ ನನ್ನ ಜೊತೆ ಡೊಂಬಿವಲಿಗೆ ಬಂದ. ಅವರ ಮನೆಯಿದ್ದ ಸೊಸೈಟಿಯ ಮೆಟ್ಟಿಲಿನಿಂದ ಗೇಟಿನ ಹೊರಗೆ ನಿಂತ ಗಾಡಿಯವರೆಗೆ ಹೆಗಲು ಕೊಡಲು ಗಂಡಸರು ಮುಂದೆ ಬರುತ್ತಿದ್ದರು. ಅಪ್ಪ ಚಪ್ಪಲಿ ಕಳಚಿ, ಟವೆಲನ್ನು ನಡುವಿಗೆ ಬಿಗಿದು ತಾನೂ ಹೋದ. ಮೇಡಂ ಅವರ ಅಣ್ಣ ಸರಿದು ಜಾಗ ಕೊಟ್ಟರು. ಅಪ್ಪ ಚಟ್ಟದ ಬಿದಿರಿಗೆ ಕೈ ಹಚ್ಚಿ ಅರ್ಧ ಬಗ್ಗಿದವನು ಹಾಗೆಯೇ ನಿಂತ.

"ಬ್ಯಾಡ್ರಿ," ಎಂದ. "ಅಕ್ಕೋರು ಹೊರಬ್ಯಾಡ ಅಂದಾರ."

ಬೇರೆ ಯಾರೋ ಹೆಗಲು ಕೊಟ್ಟರು. ಅಪ್ಪ ಬಿದಿರಿನಿಂದ ಕೈ ತೆಗೆಯಲಿಲ್ಲ. ಹೊರದೆ, ಬಿಡದೆ, ಪಕ್ಕದಲ್ಲೇ ಗಾಡಿಯವರೆಗೂ ನಡೆದ. ಐದು ಬೆರಳೂ ಅದನ್ನು ಗಟ್ಟಿಯಾಗಿ ಹಿಡಿದಿದ್ದವು.