ತಾರಸಿಯಿಂದ ಕೂಗಿದ್ದಕ್ಕೆ ಬಂದ ಉತ್ತರ

ಮಾದಿಹಳ್ಳಿಯ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ತೊಟ್ಟಿಯ ಪಕ್ಕ, ಹಳೆಯ ಆಂಟೆನಾದ ಕಂಬ ಹಿಡಿದು ನಿಂತಿದ್ದೆ. ಕಳೆದ ಮಾಘದ ಒಂದು ಭಾನುವಾರ, ಸಂಜೆ ನಾಲ್ಕೂಕಾಲು ಗಂಟೆ. ಕೆಳಗೆ ನಡುಮನೆಯಲ್ಲಿ ಲ್ಯಾಪ್‌ಟಾಪಿಗೆ ಯುಎಸ್‌ಬಿ ಟಿವಿ ಟ್ಯೂನರ್ ಸಿಕ್ಕಿಸಿ, ಆಂಟೆನಾದ ವೈರು ಜೋಡಿಸಿದ್ದೆ. ಪರದೆ ನೋಡಿ ಹೇಳಲು ಹೆಂಡತಿ ಗಿರಿಜಾಳನ್ನು ಕೂರಿಸಿದ್ದೆ.

ಕಂಬವನ್ನು ಸ್ವಲ್ಪ ತಿರುಗಿಸಿ, "ಬಂತಾ?" ಎಂದು ಕೂಗಿದೆ.

"ಬಂತು ಕಣ್ರೀ, ಸಾಕು. ಮೆಟ್ಲು ನೋಡ್ಕಂಡು ಇಳೀರಿ."

ಅದು ಗಿರಿಜಾಳ ದನಿಯಲ್ಲ. ಬಗ್ಗಿ ನೋಡಿದರೆ ಅವಳು ಪರದೆಯ ಮುಂದಿನಿಂದ ಎದ್ದು ಬಂದು ಅಂಗಳದಲ್ಲಿ, ಒಣಗಿದ ಬಟ್ಟೆ ಎತ್ತಿಕೊಂಡು, ಬಾಗಿಲ ಕಡೆಗೇ ನೋಡುತ್ತ ನಿಂತುಬಿಟ್ಟಿದ್ದಳು. ಒಳಗಿದ್ದದ್ದು ಅಮ್ಮ ಒಬ್ಬಳೇ. ಪಾರ್ಶ್ವವಾಯು ಬಡಿದ ಮೇಲೆ ಹತ್ತು ತಿಂಗಳಿಂದ ಅಮ್ಮ ಒಂದು ಮಾತೂ ಆಡಿರಲಿಲ್ಲ. ಟಿವಿಯ ಮಾತು ಕಿವಿಗೆ ಬೀಳುತ್ತಿದ್ದರೆ ಅವಳಿಗೂ ಮಾತು ಮರಳಬಹುದೆಂಬ ಆಸೆಯಿಂದಲೇ ಇಷ್ಟೆಲ್ಲ ಮಾಡುತ್ತಿದ್ದೆ.

ಇಳಿದು ಓಡಿದೆ. ಲ್ಯಾಪ್‌ಟಾಪಿನಲ್ಲಿ ಚಾನಲ್‌ಗಳ ಹುಡುಕಾಟ ಮುಗಿದಿತ್ತು. ಒಂದು ಚಾನಲ್ಲೂ ಸಿಕ್ಕಿರಲಿಲ್ಲ. ಅಮ್ಮ ಪರದೆಯನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ನನ್ನ ಬೆನ್ನ ಹಿಂದಿನ ಮೆಟ್ಟಿಲನ್ನು ನೋಡುತ್ತಿದ್ದಳು, ಇನ್ನೊಬ್ಬರು ಇಳಿಯುವುದು ಬಾಕಿಯಿದೆ ಎಂಬಂತೆ. ಅಪ್ಪ ಇದೇ ಕಂಬ ತಿರುಗಿಸುವಾಗ ಅವಳು ಕೂಗುತ್ತಿದ್ದ ಮಾತು ಅದು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿದೆ.

ಆಮೇಲೆ ದಿನವೂ ಮೇಲೆ ಹತ್ತಿ ಕೂಗಿದೆ. ಉತ್ತರ ಬರಲಿಲ್ಲ. ಯುಗಾದಿಗೆ ಮುಂಚೆಯೇ ಅಮ್ಮ ಹೋದಳು. ಕಂಬವನ್ನು ಅಂದಿನಿಂದ ತಿರುಗಿಸಿಲ್ಲ. ಆ ಮಾತು ಕೇಳಿದ್ದು, ಆ ನೋಟ ಕಂಡಿದ್ದು ನಾನೊಬ್ಬನೇ ಅಲ್ಲ. ಬಟ್ಟೆ ಹಿಡಿದೇ ಬಾಗಿಲಿಗೆ ಬಂದಿದ್ದ ಗಿರಿಜಾ ಇದ್ದಾಳೆ, ಕೇಳಬಹುದು.