ಪಟ್ಟಿಯಿಲ್ಲದ ಪಂಪು

ಕುಲೆ, ಪ್ರೇತ ಎಂದರೆ ನಗುವವನು ನಾನು. ಮೂಡುಬಿದಿರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ನಗದೆ ಇನ್ನೇನು ಮಾಡಿಯಾನು? ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನಿಮಗೆ ಕಂಡಂತೆ ತಿಳಿದುಕೊಳ್ಳಿ.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ಸುಮತಿ ತೀರಿಕೊಂಡಳು. ಶಿರ್ತಾಡಿಯ ನಮ್ಮ ಮನೆಯ ಮೂರು ದನಗಳು ಅವಳವು. ಹಾಲು ಕರೆಯುವ ಯಂತ್ರವನ್ನೂ ಅವಳೇ ಹಟಹಿಡಿದು ತರಿಸಿದ್ದು. ಅದರ ಜೀವ ಒಂದು ಸಣ್ಣ ಪಂಪಿನಲ್ಲಿದೆ. ದುಂಡನೆಯ ಗೂಡಿನೊಳಗೆ, ನಡುವಿನಿಂದ ತುಸು ಸರಿದು, ಒಂದು ಉರುಳೆ ತಿರುಗುತ್ತದೆ. ಅದರ ಸೀಳುಗಳಲ್ಲಿ ಸಡಿಲವಾಗಿ ಕೂತ ಪಟ್ಟಿಗಳು ತಿರುಗುವ ರಭಸಕ್ಕೆ ಹೊರಗೆ ಸರಿದು ಗೂಡಿನ ಗೋಡೆಯನ್ನು ಒತ್ತಿಕೊಂಡೇ ಸುತ್ತುತ್ತವೆ. ಪಟ್ಟಿಗಳ ನಡುವಿನ ಜಾಗ ಒಂದು ಕಡೆ ಹಿಗ್ಗಿ ಗಾಳಿಯನ್ನು ಎಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಕುಗ್ಗಿ ಹೊರಗೆ ದೂಡುತ್ತದೆ. ಕೊಳವೆಯಲ್ಲಿ ಗಾಳಿ ಕಡಿಮೆಯಾದಾಗ ಕೆಚ್ಚಲಿನ ಮೊಲೆಗಳಿಗೆ ಸಿಕ್ಕಿಸಿದ ರಬ್ಬರಿನ ಕಪ್ಪುಗಳು ಕರುವಿನ ಬಾಯಿಯಂತೆ ಹೀರುತ್ತವೆ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಕೊಟ್ಟಿಗೆಗೆ ಕಾಲಿಟ್ಟವನಲ್ಲ, ಅಷ್ಟೆ.

ಅವಳು ಹೋದ ಮೇಲೆ ನನಗೆ ಅಳು ಬರಲಿಲ್ಲ. ಬಡಿಸಿದ್ದನ್ನು ತಿಂದೆ, ಬಂದವರಿಗೆ ಕುರ್ಚಿ ಹಾಕಿದೆ. ಯಂತ್ರ ನಡೆಸುತ್ತಿದ್ದವರು ನೆರೆಮನೆಯ ಕುಸುಮಕ್ಕ. ಪಂಪಿನ ಎಣ್ಣೆ ಮುಗಿದದ್ದು ಕಂಡು, ಪಾಪ, ಅಡುಗೆಮನೆಯ ತೆಂಗಿನೆಣ್ಣೆ ಸುರಿದರು. ಅದು ಅಂಟುಗಟ್ಟಿ ಪಂಪು ಕಚ್ಚಿಕೊಂಡಿತು.

ವೇಣೂರಿನಿಂದ ಮೆಕ್ಯಾನಿಕ್ ಹಮೀದ್ ಬಂದು ಬಿಚ್ಚಿದ. "ಪಟ್ಟಿ ಎಲ್ಲ ಹೋಗಿದೆ ಮಾರಾಯ್ರೆ. ನಾಳೆ ಹೊಸತು ತರ್ತೇನೆ," ಎಂದು ಮುರಿದ ಪಟ್ಟಿಗಳನ್ನೆಲ್ಲ ಅಳತೆಗೆಂದು ಕಿಸೆಗೆ ಹಾಕಿ, ಒಳಗಿನ ಅಂಟು ಒರೆಸಿ, ಮುಚ್ಚಳ ಬಿಗಿದು ಹೋದ.

ಎರಡು ದನಗಳನ್ನು ಕುಸುಮಕ್ಕ ಕೈಯಲ್ಲೇ ಕರೆದರು. ಗೌರಿ ಮಾತ್ರ ಮುಟ್ಟಿದವರಿಗೆಲ್ಲ ಒದೆಯಿತು. ಕೆಚ್ಚಲು ಕಲ್ಲಾಗಿತ್ತು. ಸಂಜೆಯೊಳಗೆ ಹಾಲು ಇಳಿಯದಿದ್ದರೆ ದನ ಉಳಿಯುವುದೇ ಕಷ್ಟ ಎಂದರು ದನದ ಡಾಕ್ಟರು. ತಾಯಿ ಸತ್ತ ಗೌರಿಯನ್ನು ಸುಮತಿ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಅದೂ ಹೋದರೆ ಎಂದು ಹೆದರಿದೆ. ಆ ದಿನಗಳಲ್ಲಿ ನನ್ನನ್ನು ಮುಟ್ಟಿದ್ದು ಆ ಹೆದರಿಕೆಯೊಂದೇ.

"ಮಿಷಿನಿನ ಶಬ್ದ ಕೇಳಿದರೆ ಮಾತ್ರ ಇದು ಹಾಲು ಬಿಡುವುದು. ಸುಮ್ಮನೆ ಮೋಟರು ಹಾಕಿ ನೋಡುವ, ನಾನು ಕೈಯಲ್ಲಿ ಕರೀತೇನೆ," ಎಂದರು ಕುಸುಮಕ್ಕ.

ಹಾಕಿದೆ. ಗೌರಿ ಕಿವಿ ನಿಮಿರಿಸಿತು. ಆದರೆ ಕೈ ತಾಗಿದ್ದೇ ಮತ್ತೆ ಒದೆಯಿತು. ಏನೂ ತೋಚದೆ ನಾನು ಕಪ್ಪುಗಳನ್ನೇ ಎತ್ತಿ ಕೆಚ್ಚಲಿಗೆ ಹಿಡಿದೆ. ಅವು ಕಚ್ಚಿಕೊಂಡವು. ಹೀರುವ ಬಲ ತೋರಿಸುವ ಮೀಟರಿನ ಮುಳ್ಳು ಏರಿ ಹಸಿರು ಗುರುತಿನಲ್ಲಿ ನಿಂತಿತು. ಕೊಳವೆಯಲ್ಲಿ ಹಾಲು ಹರಿಯಿತು. ಕುಸುಮಕ್ಕ ಕೈಮುಗಿದರು. ನಾನು ಮುಳ್ಳನ್ನೇ ನೋಡುತ್ತ ನಿಂತೆ. ಕೆಚ್ಚಲು ಮೆತ್ತಗಾದ ಮೇಲೆ ಮೋಟರು ಆರಿಸಿದೆ.

ಮರುದಿನ ಹಮೀದ್ ಮುಚ್ಚಳ ತೆಗೆದ. ಸೀಳುಗಳು ಖಾಲಿ. ನಡೆದದ್ದನ್ನು ಹೇಳಿದೆ.

"ಪಟ್ಟಿ ಇಲ್ಲದೆ ಇದು ಗಾಳಿ ಎಳೆಯುವುದುಂಟಾ ಸರ್? ಬರೀ ತಿರುಗ್ತದೆ. ನೀವು ಸ್ವಲ್ಪ ಮಲಗಿ," ಎಂದ.

ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಕ್ಯಾನಿನಲ್ಲಿ ಹಾಲಿತ್ತು. ಆಮೇಲೆ ಎಷ್ಟು ತಲೆ ಕೆರೆದುಕೊಂಡರೂ ಯಾವ ಲೆಕ್ಕವೂ ಕೂಡಿಬರಲಿಲ್ಲ.

ಹೊಸ ಪಟ್ಟಿಗಳು ಚೆನ್ನಾಗಿವೆ. ಈಗ ದಿನವೂ ಗೌರಿಯನ್ನು ನಾನೇ ಕರೆಯುತ್ತೇನೆ. ಮೋಟರು ಹಾಕಿ ಮೀಟರನ್ನೇ ನೋಡುತ್ತ ನಿಲ್ಲುತ್ತೇನೆ. ಮುಳ್ಳು ಏರುತ್ತದೆ. ಯಾಕೆ ಏರುತ್ತದೆಂದು ನನಗೆ ಚೆನ್ನಾಗಿ ಗೊತ್ತಿದೆ. ಪಟ್ಟಿಗಳಿರುವಾಗ ಸುಮತಿ ಬರಬೇಕಾಗಿಲ್ಲ. ಅದೇ ಬೇಸರ.