ಕೆಂಡ ಸುಡದ ಕಾಲು

ನನ್ನ ನಾದಿನಿ ಸಂಡೂರಿನಿಂದ ಬಂದಳೆಂದರೆ ಹಂಪಿಗೆ ಹೋಗಲೇಬೇಕು. ಹೊಸಪೇಟೆಯಲ್ಲಿ ಮನೆ ಮಾಡಿದವರ ಹಣೆಬರಹವೇ ಇದು, ಬಂದ ನೆಂಟರನ್ನೆಲ್ಲ ಹಂಪಿ ತೋರಿಸಿಯೇ ಕಳಿಸಬೇಕು. ಅದೂ ಏಪ್ರಿಲ್ ತಿಂಗಳಲ್ಲಿ. ಬೆಳಿಗ್ಗೆ ಬೇಗ ಹೊರಡೋಣ ಎಂದು ನಾನು ಬಡಕೊಂಡದ್ದೇ ಬಂತು. ಅವಳು ಎದ್ದು, ಮಿಂದು, ಜಡೆ ಹೆಣೆದುಕೊಂಡು, ಒಗ್ಗರಣೆ ಮಂಡಕ್ಕಿ ತಿಂದು, ಇನ್ನೊಂದು ಸಲ ಚಹಾ ಕುಡಿದು ಹೊರಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕಡ್ಡಿರಾಂಪುರ ದಾಟುವಾಗ ಆಟೋದ ಕಂಬಿ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು.

ಗುಡಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟದ್ದೇ ತಡ, ನಾದಿನಿ ಕುಣಿಯತೊಡಗಿದಳು. ಅಂಗಳದ ಹಾಸುಗಲ್ಲು ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಅವಳು ಸೀರೆ ಎತ್ತಿ ಹಿಡಿದು ನೆರಳಿಗೆ ಓಡಿದಳು, ಉಳಿದ ಜನರೂ ಹಾಗೇ ಜಿಗಿಯುತ್ತಾ ಓಡುತ್ತಿದ್ದರು. ನಾನು ಮಾತ್ರ ಹಣ್ಣುಕಾಯಿ ಬುಟ್ಟಿ ಹಿಡಿದು ಮದುವಣಗಿತ್ತಿಯ ಹಾಗೆ ನಿಧಾನವಾಗಿ ನಡೆದು ಹೋದೆ. ಕಂಬದ ಬುಡದಲ್ಲಿ ಕೂತಿದ್ದ ಮುದುಕಿಯೊಬ್ಬಳು ನನ್ನ ಕಾಲನ್ನೇ ನೋಡಿ ಕೈ ಮುಗಿದಳು. "ಅತ್ತಿಗಿ, ನಿಮಗ ಸುಡಂಗಿಲ್ಲೇನ್ರಿ?" ಅಂದಳು ನಾದಿನಿ. ಸುಳ್ಳೇಕೆ ಹೇಳಲಿ, ನನಗೆ ಜಂಬ ಬಂತು. ಭಕ್ತಿ ಇದ್ದರೆ ಯಾವ ಕಲ್ಲೂ ಸುಡುವುದಿಲ್ಲ ಅಂತ ಅವಳಿಗೆ ಉಪದೇಶ ಬೇರೆ ಮಾಡಿದೆ.

ಮನೆಗೆ ಬಂದು, ಚಪಾತಿ ಲಟ್ಟಿಸಿ, ಎಲ್ಲರಿಗೂ ಉಣಬಡಿಸಿ, ಪಾತ್ರೆ ತಿಕ್ಕಿ ಮುಗಿಸಿದ್ದೆ. ನನ್ನ ಯಜಮಾನರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ದುಡಿದು ನಿವೃತ್ತರಾದವರು. ನೆಲದ ಮೇಲೆ ಎಣ್ಣೆಯ ಒಂದು ಹನಿ ಬಿದ್ದರೂ ಅವರ ಕಣ್ಣಿಗೆ ಬೀಳುತ್ತದೆ. ಅಡುಗೆಮನೆಯಿಂದ ಪಡಸಾಲೆಯವರೆಗೆ ಏನೋ ಕೆಂಪು ಕಲೆ ಬಿದ್ದಿದೆಯಲ್ಲ, ಕುಂಕುಮ ಚೆಲ್ಲಿದೆಯೇನು ಎಂದು ಕೇಳಿದರು. ಒರೆಸೋಣ ಎಂದು ಬಗ್ಗಿದರೆ ಕಲೆ ನನ್ನ ಹಿಂದೆಯೇ ಬರುತ್ತಿದೆ. ಹಿಮ್ಮಡಿ ಎತ್ತಿ ನೋಡಿದೆ. ನಿಂಬೆಹಣ್ಣಿನಷ್ಟು ಬೊಬ್ಬೆ ಎದ್ದು, ಒಡೆದು, ಚರ್ಮ ಸುಲಿದು ಹೋಗಿತ್ತು. ಮಧ್ಯಾಹ್ನದಿಂದ ನಾನು ಅದರ ಮೇಲೆಯೇ ಓಡಾಡಿದ್ದೆ, ಒಂದಿಷ್ಟೂ ನೋವಿರಲಿಲ್ಲ.

ಮರುದಿನ ಡಾಕ್ಟರ ಹತ್ತಿರ ಹೋದೆವು. ಆಕೆ ವಯಸ್ಸಿನಲ್ಲಿ ನನ್ನ ಮಗಳಂಥವಳು. ಗಾಯ ತೊಳೆದು, ರಕ್ತ ತೆಗೆಸಿ, ಆಮೇಲೆ ನನ್ನನ್ನು ಮಂಚದ ಮೇಲೆ ಮಲಗಿಸಿ ಒಂದು ತೆಳ್ಳನೆಯ ನೈಲಾನ್ ಎಳೆ ತೋರಿಸಿದಳು. ಇದರಿಂದ ಪಾದಕ್ಕೆ ಅಲ್ಲಲ್ಲಿ ಮುಟ್ಟುತ್ತೇನೆ, ಮುಟ್ಟಿದ್ದು ಗೊತ್ತಾದಾಗಲೆಲ್ಲ ಹ್ಞೂಂ ಅನ್ನಬೇಕು, ಕಣ್ಣು ಮುಚ್ಚಿಕೊಳ್ಳಿ ಎಂದಳು. ನಾನು ಕಣ್ಣು ಮುಚ್ಚಿ ಕಾದೆ. ಫ್ಯಾನಿನ ಕಿರಗುಟ್ಟುವ ಸದ್ದು ಕೇಳುತ್ತಿತ್ತು. ಹೊರಗೆ ಯಾರೋ ಟೋಕನ್ ಕೂಗುತ್ತಿದ್ದರು. ಅಂಚೆ ಕಚೇರಿಯ ಕೌಂಟರಿನಲ್ಲಿ ಆಯುಷ್ಯ ಕಳೆದವಳು ನಾನು, ಯಾರು ತಡ ಮಾಡಿದರೂ ನನಗೆ ಆಗುವುದಿಲ್ಲ.

"ಶುರು ಮಾಡ್ರಿ ಡಾಕ್ಟ್ರೇ," ಅಂದೆ.

"ಮುಗೀತಮ್ಮ," ಅಂದಳು ಆಕೆ. "ಎರಡೂ ಕಾಲಿಗೆ ಮುಟ್ಟಿ ಆಯ್ತು."

ಸಕ್ಕರೆ ಕಾಯಿಲೆ, ಎರಡನೆಯ ಬಗೆಯದು, ವಯಸ್ಸಾದ ಮೇಲೆ ಬರುವಂಥದ್ದು, ನಿಮಗೆ ಗೊತ್ತಾಗದೆಯೇ ಎಷ್ಟೋ ವರ್ಷಗಳಿಂದ ಇದ್ದಿರಬೇಕು, ಪಾದದ ನರಗಳು ಮಂಕಾಗಿವೆ ಎಂದೆಲ್ಲ ಆಕೆ ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಗುಳಿಗೆ ಬರೆದುಕೊಟ್ಟಳು. ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಬೇಕು, ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು ಎಂದು ತಾಕೀತು ಮಾಡಿದಳು. ದಾರಿಯಲ್ಲಿ ಯಜಮಾನರು ನನ್ನ ಮುಖ ನೋಡಿ ನಗಿಸಲು ನೋಡಿದರು. ಇಷ್ಟು ವರ್ಷ ನಿನ್ನ ಮಾತಿನಲ್ಲಿ ಒಂದು ಚಿಟಿಕೆ ಸಕ್ಕರೆ ಕಂಡಿರಲಿಲ್ಲ, ಎಲ್ಲ ರಕ್ತದಲ್ಲಿ ಬಚ್ಚಿಟ್ಟಿದ್ದೆಯೇನು ಅಂದರು. ಬೇರೆ ದಿನವಾಗಿದ್ದರೆ ಸರಿಯಾಗಿ ಝಾಡಿಸುತ್ತಿದ್ದೆ. ಅವತ್ತು ನನಗೆ ಅಪ್ಪ ಕಾಣತೊಡಗಿದ್ದ.

ನಾನು ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ತೂಕ ನೋಡುತ್ತಿದ್ದ. ನಮ್ಮ ಓಣಿಯ ವೀರಭದ್ರನ ಗುಡಿಯ ಮುಂದೆ ವರ್ಷಕ್ಕೊಮ್ಮೆ ಕುಣಿ ತೋಡಿ, ಕಟ್ಟಿಗೆ ಸುಟ್ಟು ಕೆಂಡ ಮಾಡಿ, ಹರಕೆ ಹೊತ್ತ ಗಂಡಸರು ಅದರ ಮೇಲೆ ನಡೆದು ಆಚೆ ದಾಟುತ್ತಿದ್ದರು. ಅಗ್ಗಿ ಹಾಯುವುದು ಎನ್ನುತ್ತಿದ್ದೆವು. ಎಲ್ಲರೂ ದಬದಬನೆ ಓಡಿ ದಾಟಿದರೆ ಅಪ್ಪ ಓಡುತ್ತಿರಲಿಲ್ಲ. ಹೊಲದ ಬದುವಿನ ಮೇಲೆ ಹೋಗುವವನ ಹಾಗೆ ನಿಧಾನವಾಗಿ ಹೋಗುತ್ತಿದ್ದ. ಒಂದು ವರ್ಷವಂತೂ ನಡುವೆ ನಿಂತು ಗುಡಿಯ ಕಡೆ ತಿರುಗಿ ಕೈ ಮುಗಿದ. ಕೆಂಡ ಹೂವಾಯಿತು ಎಂದು ಜನ ಅವನ ಕಾಲಿಗೆ ಬಿದ್ದರು. ನಾನು ಅವನ ಮಗಳು ಎಂದು ಓಣಿಯಲ್ಲಿ ಎದೆ ಸೆಟೆಸಿ ತಿರುಗಿದೆ.

ಅದರ ಮುಂದಿನ ವರ್ಷ ಅಗ್ಗಿ ಹಾಯ್ದಾಗ ಅವನ ಕಾಲಲ್ಲಿ ಗಾಯವಾಯಿತು. ಮಾಯಲಿಲ್ಲ. ಮೊದಲು ಬೆರಳು ಕಪ್ಪಾಯಿತು, ಆಮೇಲೆ ಪಾದ. ಮನೆಯೊಳಗೆ ವಾಸನೆ ತುಂಬಿತು. ಇದು ದೇವರ ಕೆಲಸದಲ್ಲಿ ಆದದ್ದು, ದೇವರೇ ವಾಸಿ ಮಾಡಲಿ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಆಸ್ಪತ್ರೆಗೆ ಒಯ್ಯಗೊಡಲಿಲ್ಲ. ಅಪ್ಪನಿಗೂ ಹೋಗುವ ಮನಸ್ಸಿರಲಿಲ್ಲ. ದೀಪಾವಳಿ ಬರುವುದರೊಳಗೆ ಹೋಗಿಬಿಟ್ಟ.

ಅಗ್ಗಿ ಹಾಯುವವನ ಮನೆಯಲ್ಲಿ ಮಡಿ ಇರಬೇಕು, ಮುಟ್ಟಾದ ಹೆಂಗಸು ಆ ದಿನಗಳಲ್ಲಿ ಮನೆಯ ಹೊರಗಿರಬೇಕು ಎಂಬುದು ನಮ್ಮ ಓಣಿಯ ಕಟ್ಟು. ಆ ವರ್ಷ ಹಬ್ಬದ ಬೆಳಿಗ್ಗೆಯೇ ಅವ್ವ ಮುಟ್ಟಾಗಿದ್ದಳು. ಕೆಂಡ ಆಗಲೇ ಸಿದ್ಧವಾಗಿತ್ತು, ಜನ ನೆರೆದಿದ್ದರು, ಹೇಳಿದರೆ ಅಪ್ಪ ಹಾಯುವಂತಿಲ್ಲ. ಅವಳು ಬಾಯಿ ಬಿಡಲಿಲ್ಲ. ತಾನೇ ಅವನಿಗೆ ಸ್ನಾನಕ್ಕೆ ನೀರು ತೋಡಿಕೊಟ್ಟಳು. ಎರಡು ದಿನ ಬಿಟ್ಟು ಅಜ್ಜಿಗೆ ಗೊತ್ತಾಯಿತು. ಗಾಯ ಬಲಿಯುತ್ತಾ ಹೋದ ಹಾಗೆ ಅಜ್ಜಿಯ ಮಾತೂ ಬಲಿಯಿತು. ಬಂದವರೆದುರೆಲ್ಲ, ಹೊಸ್ತಿಲ ಮೇಲೆ ನಿಂತು, ನನ್ನ ಮಗನನ್ನು ಇವಳು ತನ್ನ ಕೈಯಾರೆ ಕೊಂದಳು ಎಂದು ಹೇಳಿದಳು. ಆ ಬಾಯಿಗಿಷ್ಟು ಮಣ್ಣು ಹಾಕ. ಆಗ ಅವ್ವನಿಗೆ ಮೂವತ್ತೂ ತುಂಬಿರಲಿಲ್ಲ.

ಅವ್ವ ಈಗ ನಮ್ಮ ಜೊತೆಗೇ ಇದ್ದಾಳೆ. ಎಂಬತ್ತರ ಹತ್ತಿರ. ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅಳಿಯನ ಜೊತೆ ಕೂತು ಕ್ರಿಕೆಟ್ ನೋಡಿ ಔಟೋ ಅಲ್ಲವೋ ಎಂದು ವಾದ ಮಾಡುತ್ತಾಳೆ. ಆದರೆ ದೇವರ ಕೋಣೆಯೊಳಗೆ ಕಾಲಿಡುವುದಿಲ್ಲ. ಹಬ್ಬ ಹುಣ್ಣಿಮೆ ಏನೇ ಇರಲಿ, ಬಾಗಿಲ ಆಚೆಗೇ ನಿಂತು ಕೈ ಮುಗಿದು ಹೋಗುತ್ತಾಳೆ. ಯಾಕವ್ವ ಎಂದು ಮೊದಮೊದಲು ಕೇಳುತ್ತಿದ್ದೆ. ನನ್ನಂಥಾಕಿ ಬರಬಾರದು ಎಂದಷ್ಟೇ ಹೇಳುತ್ತಿದ್ದಳು. ಅಜ್ಜಿ ಸತ್ತು ಯಾವ ಕಾಲವಾಯಿತು, ಅವಳ ಮಾತು ಮಾತ್ರ ಅವ್ವನ ಮೈಯಲ್ಲಿ ಬದುಕಿತ್ತು.

ಡಾಕ್ಟರು ಹೇಳಿದಂತೆ ನಾನು ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಪಕ್ಕ ಕೂತು ಕೈಗನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಿದ್ದೆ. ಅರವತ್ತು ವರ್ಷ ಅದರ ಮೇಲೆ ನಿಂತಿದ್ದೇನೆ, ಒಮ್ಮೆಯೂ ಅದರ ಮುಖ ನೋಡಿರಲಿಲ್ಲ. ಅಗಲವಾದ ಹಿಮ್ಮಡಿ, ಒಳಗೆ ಮಡಿಚಿಕೊಂಡ ಕಿರುಬೆರಳು. ಅದು ನನ್ನ ಕಾಲಲ್ಲ, ಅಪ್ಪನದು. ಚಾಪೆಯ ಮೇಲೆ ಮಲಗಿದ ಅವನ ಕಾಲ ಬುಡದಲ್ಲಿ ಕೂತು ನೊಣ ಓಡಿಸುತ್ತಿದ್ದಾಗ ನಾನು ನೋಡಿದ್ದು ಇದನ್ನೇ. ಕನ್ನಡಿ ಕೆಳಗಿಟ್ಟು ಅತ್ತ ತಿರುಗಿದರೂ ಆ ಕಾಲು ನನ್ನನ್ನು ಬಿಡಲಿಲ್ಲ. ಪಡಸಾಲೆಯಲ್ಲಿ ಯಾರೋ ನಿಧಾನವಾಗಿ, ಓಡದೆ, ಹೆಜ್ಜೆ ಇಟ್ಟು ದಾಟಿದ ಹಾಗೆ ಹಾಡುಹಗಲಲ್ಲೇ ಅನ್ನಿಸುತ್ತಿತ್ತು. ಎದ್ದು ನೋಡಿದರೆ ಯಾರೂ ಇರುತ್ತಿರಲಿಲ್ಲ. ನನಗೆ ಹೆದರಿಕೆಯಾಗುತ್ತಿತ್ತು, ಮುಚ್ಚುಮರೆ ಯಾಕೆ.

ಹೀಗೆ ಕೂತಾಗಲೇ ಒಂದೊಂದಾಗಿ ನೆನಪಿಗೆ ಬಂದವು. ಅಪ್ಪ ಮಲಗುವಾಗ ತಲೆದೆಸೆಗೆ ನೀರಿನ ತಂಬಿಗೆ ಸಾಲದೆ ಕೊಡವನ್ನೇ ಇಟ್ಟುಕೊಳ್ಳುತ್ತಿದ್ದದ್ದು. ಬಚ್ಚಲಲ್ಲಿ ಅವನು ಒಂದಕ್ಕೆ ಹೋಗಿ ಬಂದ ಕಡೆ ಇರುವೆ ಮುತ್ತುತ್ತಿದ್ದದ್ದು. ಗಾಯ ಆಗುವ ಮೊದಲೇ ಅಂಗಿ ಜೋಲುವಷ್ಟು ಸೊರಗಿದ್ದದ್ದು. ದೇವರು ಮೈಮೇಲೆ ಇರುವವರು ಹಾಗೇ ಎಂದು ಜನ ಅನ್ನುತ್ತಿದ್ದರು. ಮತ್ತೆ ಆ ನಿಧಾನದ ನಡಿಗೆ. ಅಪ್ಪನಿಗೆ ದೇವರು ಒಲಿದಿರಲಿಲ್ಲ, ಮುನಿದೂ ಇರಲಿಲ್ಲ. ಹಂಪಿಯ ಅಂಗಳದಲ್ಲಿ ನನಗೆ ಸುಡದ ಹಾಗೆಯೇ ಅವನಿಗೂ ಸುಟ್ಟಿರಲಿಲ್ಲ, ಅಷ್ಟೇ.

ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿದೆ. ನೋಡದ ರೋಗಿಯ ಬಗ್ಗೆ ಖಂಡಿತ ಎಂದು ಹೇಳಲಾರೆ, ಆದರೆ ನೀವು ಹೇಳುವುದೆಲ್ಲ ಅದೇ ಕಾಯಿಲೆಗೆ ಹೊಂದುತ್ತದೆ ಎಂದಳು. ನನಗೆ ಅಷ್ಟು ಸಾಕಾಗಿತ್ತು. ನನ್ನ ಕಾಲು ಏನಾದರೂ ಆಗಲಿ, ಅವ್ವನ ತಲೆಯ ಮೇಲಿನ ಆ ಪಾಪದ ಹೊರೆ ಅವಳು ಬದುಕಿರುವಾಗಲೇ ಇಳಿಯಬೇಕು ಎಂದು ನನಗೆ ಹಟ ಹಿಡಿಯಿತು. ಈ ಕಾಯಿಲೆ ನನಗೆ ಬಂದದ್ದೇ ಅದಕ್ಕಿರಬೇಕು ಎಂದೂ ಅನ್ನಿಸಿತು.

ಯಜಮಾನರು ಬ್ಯಾಂಕಿಗೆ ಹೋಗಿದ್ದ ಒಂದು ಬೆಳಿಗ್ಗೆ ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಾನೂ ಎದುರಿಗೆ ಕೂತೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಅವ್ವ, ಅಪ್ಪಗ ಆಗಿದ್ದು ದೇವರ ಮುನಿಸಲ್ಲ. ಈಗ ನನಗ ಐತಲ್ಲ, ಇದೇ ಸಕ್ಕರಿ ಕಾಯಿಲಿ. ನೀ ಅವತ್ತು ಮುಟ್ಟಾಗಿದ್ರೂ ಅಷ್ಟ, ಆಗದಿದ್ರೂ ಅಷ್ಟ."

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಾನು ನೀರಿನ ಕೊಡದಿಂದ ಹಿಡಿದು ಇರುವೆಯವರೆಗೆ ಎಲ್ಲ ಬಿಡಿಸಿ ಹೇಳಿದೆ. ನೈಲಾನ್ ಎಳೆಯ ವಿಷಯ ಹೇಳಿದೆ. ಎಲ್ಲ ಕೇಳಿಸಿಕೊಂಡು, ಹಂಗಾದರೆ ಕೆಂಡ ಹೂವಾಗಿರಲಿಲ್ಲವೇ ಎಂದು ಕೇಳಿದಳು. ಇಲ್ಲವ್ವ, ಕೆಂಡ ಕೆಂಡವೇ ಆಗಿತ್ತು, ಅಪ್ಪನ ಕಾಲಿಗೆ ತಿಳಿಯಲಿಲ್ಲ ಎಂದೆ. ಅವಳ ಮುಖ ಸಡಿಲಾದ ಹಾಗೆ ಕಂಡಿತು. ಗೆದ್ದೆ ಎಂದುಕೊಂಡೆ.

ಆಮೇಲೆ ಅವಳು, ಈ ಕಾಯಿಲೆಯವರು ಏನು ತಿನ್ನಬಾರದು ಎಂದು ಕೇಳಿದಳು. ನನ್ನ ಊಟದ ಚಿಂತೆಯಲ್ಲಿದ್ದಾಳೆ ಎಂದು ತಿಳಿದು ನಾನು ಉತ್ಸಾಹದಿಂದ ಹೇಳಿದೆ: ಅನ್ನ ಕಡಿಮೆ, ಸಿಹಿ ಬಿಡಬೇಕು.

"ಬೆಲ್ಲ?"

"ಬೆಲ್ಲಾನೂ ಅದ ಜಾತೀದು. ಸಕ್ಕರಿಗಿಂತ ಬೇರೆ ಏನಲ್ಲ."

ಅವ್ವನ ಕೈ ನಿಂತಿತು.

"ಸೊರಗಿ ಹೋಗ್ಯಾರಂತ ದಿನಾ ಬಿಸಿ ಅನ್ನಕ್ಕ ಬೆಲ್ಲ, ಹಾಲು ಕಲಸಿ ತಿನ್ನಿಸ್ತಿದ್ದೆ," ಅಂದಳು. "ಸಾಕು ಅಂದ್ರೂ ಬಿಡ್ತಿರ್ಲಿಲ್ಲ. ನಿಮ್ಮಜ್ಜಿಗೆ ಗೊತ್ತಾಗದಂಗ ಬೆಲ್ಲ ಜಾಸ್ತೀನ ಹಾಕ್ತಿದ್ದೆ. ಕಡೀ ದಿನಾನೂ ತಿನ್ನಿಸೀನಿ. ಆಕಿ ಹೇಳಿದ್ದು ಖರೇನ ಆತಲ್ಲ ಯವ್ವ. ನನ್ನ ಕೈಯಾರೆನ ಹೋದ್ರು."

ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಿನಗೆ ಗೊತ್ತಿರಲಿಲ್ಲ, ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬೆಲ್ಲ ಒಂದರಿಂದಲೇ ಆಗುವುದಲ್ಲ, ಗಾಯಕ್ಕೆ ಔಷಧ ಬೀಳಲಿಲ್ಲ ಅದಕ್ಕೆ ಹೋದ, ಪ್ರೀತಿಯಿಂದ ತಿನ್ನಿಸಿದ್ದು ತಪ್ಪು ಹೇಗಾಗುತ್ತದೆ ಎಂದೆ. ದನಿ ಏರಿಸಿ ಬೈದೆ, ಕೊನೆಗೆ ಅತ್ತೆ. ಹಟ ಮಾಡುವ ಮಗುವನ್ನು ನೋಡುವ ಹಾಗೆ ಅವಳು ನನ್ನನ್ನು ನೋಡುತ್ತಾ ಕೂತಿದ್ದಳು. ದೇವರ ಮುನಿಸಾದರೆ ಅವಳು ಬರೀ ನಿಮಿತ್ತವಾಗಿದ್ದಳು. ಅಷ್ಟು ಸಮಾಧಾನವನ್ನೂ ನಾನು ಅವಳಿಂದ ಕಿತ್ತುಕೊಂಡಿದ್ದೆ.

ಮಧ್ಯಾಹ್ನ ಅವಳೇ ಎದ್ದು ತಾಟು ಇಟ್ಟಳು. ಮೆಂತ್ಯದ ಪಲ್ಯ, ಜೋಳದ ರೊಟ್ಟಿ, ನನಗೆಂದು ಅಳತೆ ಮಾಡಿದ ಇಷ್ಟೇ ಇಷ್ಟು ಅನ್ನ. ನಾನು ಅತ್ತ ಮುಖ ತೊಳೆದುಕೊಂಡು ಬಂದು, ಏನೂ ಆಗಿಲ್ಲವೆಂಬಂತೆ ಕೂತು, ಹಾಕವ್ವ ಎಂದು ತಾಟು ಮುಂದೆ ಮಾಡಿದೆ.

ಅವ್ವ ಸೌಟನ್ನು ನನ್ನ ಕಡೆ ಸರಿಸಿದಳು.

"ನೀನೇ ಹಾಕ್ಕೊ ಯವ್ವ," ಅಂದಳು. "ನನ್ನ ಕೈಯಿಂದ ಬ್ಯಾಡ."